ಅಲರ್ಟ್ ಹೋಗಿತ್ತು ಸಾರ್

ಡೇಟಾಬೇಸ್ ಸರ್ವರ್‌ಗಳ ಮೇಲೆ ಮಾನಿಟರಿಂಗ್ ಏಜೆಂಟ್ ಹಾಕುವುದು ಏಕೆ ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಕೇಳಿ ನೋಡಿ. ಡೇಟಾಬೇಸ್‌ಗೆ ಏನಾದರೂ ಆದಾಗ ಬೇಗ ಗೊತ್ತಾಗಲಿ ಅಂತ, ಎನ್ನುತ್ತಾರೆ. ಪಾಪ, ವಯಸ್ಸು ಚಿಕ್ಕದು. ಡೇಟಾಬೇಸ್‌ಗೆ ಏನಾದರೂ ಆದರೆ ಮೊದಲು ಗೊತ್ತಾಗುವುದು ಗ್ರಾಹಕನಿಗೆ. ಅವನಿಂದ ಅವನ ಬ್ಯಾಂಕಿನವರಿಗೆ, ಬ್ಯಾಂಕಿನವರಿಂದ ನಮ್ಮ ಡೆಲಿವರಿ ಮ್ಯಾನೇಜರ್‌ಗೆ, ಅವರಿಂದ ಜೋರು ದನಿಯಲ್ಲಿ ನಮಗೆ. ಈ ಕ್ರಮ ಮೊದಲಿಂದಲೂ ಹೀಗೇ ಇದೆ, ಯಾವ ಏಜೆಂಟೂ ಅದನ್ನು ಬದಲಿಸಿಲ್ಲ. ಏಜೆಂಟ್‌ನ ಉದ್ದೇಶ ಇದಕ್ಕಿಂತ ಉನ್ನತವಾದದ್ದು. ಎಲ್ಲ ಮುಗಿದ ಮೇಲೆ ನಡೆಯುವ ವಿಚಾರಣೆಯಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು, ತಾರೀಖು, ಗಂಟೆ, ನಿಮಿಷ ಸಮೇತ, "ಅಲರ್ಟ್ ಹೋಗಿತ್ತು ಸಾರ್" ಎಂದು ಹೇಳುವಂತಾಗಬೇಕು. ಅಲ್ಲಿಗೆ ಏಜೆಂಟ್ ಹಾಕಿದ್ದು ಸಾರ್ಥಕ.

ಈ ತತ್ತ್ವವನ್ನು ಬಿಟ್ಟು ಉಳಿದದ್ದನ್ನೆಲ್ಲ ವಿವರಿಸುವ ಕೈಪಿಡಿಗಳು ಬೇಕಾದಷ್ಟಿವೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ಕೂತು ಅಮೆರಿಕದ ಬ್ಯಾಂಕು, ಯುರೋಪಿನ ವಿಮಾ ಕಂಪನಿಗಳ ಡೇಟಾಬೇಸ್‌ಗಳನ್ನು ರಾತ್ರಿಯಿಡೀ ಕಾಯುವವರಿಗೆ ಅವು ದಾರಿ ತಪ್ಪಿಸುತ್ತಿವೆ. ಈ ಕ್ಷೇತ್ರದಲ್ಲಿ ತಲೆ ನರೆತವನಾಗಿ ನಾನು ಸುಮ್ಮನಿರುವುದು ಸರಿಯಲ್ಲ.

ಮೊದಲನೆಯದು ಆಯ್ಕೆ. ನಾಗಿಯೋಸ್ ಇದೆ, 1999ರಲ್ಲಿ ನೆಟ್‌ಸೇಂಟ್ ಎಂಬ ಹೆಸರಲ್ಲಿ ಹುಟ್ಟಿ 2002ರಲ್ಲಿ ಹೆಸರು ಬದಲಿಸಿಕೊಂಡದ್ದು. ಲಾಟ್ವಿಯಾ ದೇಶದ ಜ್ಯಾಬಿಕ್ಸ್ ಇದೆ; 2001ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿದೆ. ಹಾಡು ಕೇಳಿಸುವ ಸೌಂಡ್‌ಕ್ಲೌಡ್ ಕಂಪನಿಯೊಳಗೆ 2012ರಲ್ಲಿ ಶುರುವಾದ ಪ್ರೊಮಿಥಿಯಸ್ ಇದೆ. ಒರಾಕಲ್ ಕೊಂಡವರಿಗೆ ಒರಾಕಲ್‌ನವರದೇ ಎಂಟರ್‌ಪ್ರೈಸ್ ಮ್ಯಾನೇಜರ್ ಇದೆ. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ತಲೆ ಕೆಡಿಸಿಕೊಂಡು ಹೋಲಿಕೆಯ ಪಟ್ಟಿ ಮಾಡುವವರಿದ್ದಾರೆ. ಅನುಭವಸ್ಥರು ಎಲ್ಲವನ್ನೂ ಹಾಕುತ್ತಾರೆ. ಪ್ರತಿ ಹೊಸ ಮ್ಯಾನೇಜರ್ ತಮ್ಮ ಹಳೆಯ ಕಂಪನಿಯಲ್ಲಿ ಬಳಸಿದ್ದನ್ನು ತರುತ್ತಾರೆ, ಅದನ್ನು ಹಾಕಿ. ಹಳೆಯದನ್ನು ಮಾತ್ರ ತೆಗೆಯಬೇಡಿ. ತೆಗೆದ ಮರುದಿನ, ಅದೇ ಡ್ಯಾಶ್‌ಬೋರ್ಡನ್ನು ನೋಡಿಕೊಂಡೇ ಜೀವನ ಸಾಗಿಸುತ್ತಿದ್ದೆ ಎನ್ನುವವರೊಬ್ಬರು ಎಲ್ಲಿಂದಲೋ ಪ್ರತ್ಯಕ್ಷರಾಗುತ್ತಾರೆ. ತೆಗೆಯದಿದ್ದರೆ ಅಂಥವರು ಇದ್ದಾರೆಂಬುದೇ ತಿಳಿಯುವುದಿಲ್ಲ.

ಒಂದೇ ಸರ್ವರ್ ಮೇಲೆ ನಾಲ್ಕು ಏಜೆಂಟ್ ಇದ್ದರೆ ಹೊರೆಯಾಗುವುದಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಪ್ರೊಮಿಥಿಯಸ್ ಜೊತೆ ಬರುವ ಮಾದರಿ ಕಡತದಲ್ಲಿ 15 ಸೆಕೆಂಡಿಗೊಮ್ಮೆ ವಿಚಾರಿಸಬೇಕೆಂದು ಬರೆದಿದೆ. ದಿನಕ್ಕೆ 5,760 ಸಲ ಆಯಿತು. ಮದುವೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಹೋಗುವವರನ್ನೂ ಬರುವವರನ್ನೂ ನಿಲ್ಲಿಸಿ "ಊಟ ಆಯ್ತೇನಪ್ಪಾ?" ಎನ್ನುವ ದೊಡ್ಡಪ್ಪನಂತೆ ಏಜೆಂಟು. ಕೇಳಿದ್ದನ್ನೇ ಕೇಳುತ್ತಾರೆ, ಉತ್ತರ ಕಿವಿಗೆ ಹಾಕಿಕೊಳ್ಳುವುದಿಲ್ಲ, ಬಡಿಸುವವನನ್ನೂ ಪಾತ್ರೆ ಕೈಯಲ್ಲಿ ಹಿಡಿಸಿಕೊಂಡೇ ನಿಲ್ಲಿಸುತ್ತಾರೆ. ಹಾಗೆಂದು ದೊಡ್ಡಪ್ಪನಿಗೆ ಎದ್ದು ಹೋಗಿ ಅನ್ನಲಾದೀತೆ? ಪ್ರತಿ ಟೇಬಲ್ ಎಷ್ಟು ಜಾಗ ಹಿಡಿದಿದೆ, ಪ್ರತಿ ಇಂಡೆಕ್ಸ್ ಎಷ್ಟು ಉಬ್ಬಿದೆ ಎಂದು ನಿಮಿಷಕ್ಕೊಮ್ಮೆ ಕೇಳುವಂತೆ ಹಚ್ಚಿಟ್ಟರೆ ಇನ್ನೂ ಒಳ್ಳೆಯದು. ವಾರದ ಅತಿ ನಿಧಾನದ ಕ್ವೆರಿಗಳ ಪಟ್ಟಿ ತೆಗೆದಾಗ ಮೊದಲ ಸ್ಥಾನದಲ್ಲಿ ಏಜೆಂಟ್‌ನ ಕ್ವೆರಿಯೇ ಬರುತ್ತದೆ. ಅಪ್ಲಿಕೇಶನ್ ತಂಡದವರ ಕ್ವೆರಿ ಎರಡನೆಯ ಸ್ಥಾನಕ್ಕೆ ಇಳಿಯುತ್ತದೆ. ಅವರಿಗೂ ಸಮಾಧಾನ.

ಪೋಸ್ಟ್‌ಗ್ರೆಸ್‌ನಲ್ಲಿ ಏನೂ ಮುಟ್ಟದೆ ಬಿಟ್ಟರೆ ಒಟ್ಟು 100 ಸಂಪರ್ಕಗಳಿಗೆ ಅವಕಾಶ, ಮೈಎಸ್‌ಕ್ಯುಎಲ್‌ನಲ್ಲಿ 151. ಮೈಎಸ್‌ಕ್ಯುಎಲ್‌ಗಾಗಿ ಇರುವ ಪ್ರೊಮಿಥಿಯಸ್ ಏಜೆಂಟ್, ಅರ್ಥಾತ್ ಎಕ್ಸ್‌ಪೋರ್ಟರ್‌ನ ದಾಖಲೆಯಲ್ಲಿ, ಏಜೆಂಟ್ ಬಳಕೆದಾರನಿಗೆ ಏಕಕಾಲಕ್ಕೆ 3 ಸಂಪರ್ಕಗಳ ಮಿತಿ ಹಾಕಿ ಎಂಬ ಸಲಹೆ ಇದೆ. ಬರೆದವರ ಕೃಪಣತನವಷ್ಟೇ ಅದರಲ್ಲಿ ಕಾಣುತ್ತದೆ. ಮಿತಿ ಹಾಕಬೇಡಿ. ಸರ್ವರ್ ನಿಧಾನವಾದ ದಿನ ಏಜೆಂಟ್‌ನ ಹಳೆಯ ಪ್ರಶ್ನೆಗೆ ಉತ್ತರ ಬರುವ ಮುಂಚೆ ಹೊಸ ಪ್ರಶ್ನೆ ಹೊರಡುತ್ತದೆ, ಅದರ ಹಿಂದೆ ಇನ್ನೊಂದು. ಕೊನೆಗೆ ಸಂಪರ್ಕಗಳು ಮುಗಿದುಹೋಗಿವೆ ಎಂದು ಏಜೆಂಟೇ ಎಲ್ಲರಿಗಿಂತ ಮೊದಲು ವರದಿ ಮಾಡುತ್ತದೆ. ಅದಕ್ಕೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ?

ಈಗ ಅಧಿಕಾರದ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕು.

ಪೋಸ್ಟ್‌ಗ್ರೆಸ್‌ನವರು 2017ರಲ್ಲಿ 10ನೇ ಆವೃತ್ತಿಯ ಜೊತೆ ಪಿಜಿ-ಮಾನಿಟರ್ ಎಂಬ ಪಾತ್ರವೊಂದನ್ನು ಕೊಟ್ಟರು. ಏಜೆಂಟ್‌ಗೆ ಅಂಕಿಅಂಶಗಳನ್ನು ನೋಡುವುದಕ್ಕೆ ಬೇಕಾದಷ್ಟೇ ಅಧಿಕಾರ, ಹೆಚ್ಚಿಲ್ಲ. ಎಸ್‌ಕ್ಯುಎಲ್ ಸರ್ವರ್‌ನಲ್ಲೂ ಸರ್ವರ್‌ನ ಸ್ಥಿತಿ ನೋಡಲಿಕ್ಕೆಂದೇ ಬೇರೆ ಅನುಮತಿ ಇದೆ. ಇದನ್ನೆಲ್ಲ ಮಾಡಿದವರು ಎಂದೂ ಶನಿವಾರ ರಾತ್ರಿ ಚೇಂಜ್ ವಿಂಡೋದಲ್ಲಿ ಕೂತವರಲ್ಲ. ಎರಡು ಗಂಟೆಯೊಳಗೆ ಹಲವು ಹತ್ತು ಸರ್ವರ್ ಮುಗಿಸಬೇಕು, ಒಂದೊಂದರ ಮೇಲೂ ಒಂದೊಂದು ಥರ 'ಪರ್ಮಿಶನ್ ಡಿನೈಡ್' ಬರುತ್ತದೆ. ಆಗ ಸೂಪರ್‌ಯೂಸರ್ ಕೊಟ್ಟುಬಿಡುವುದೇ ಲೇಸು. ಎಸ್‌ಕ್ಯುಎಲ್ ಸರ್ವರ್ ಆದರೆ ಸಿಸ್‌ಅಡ್ಮಿನ್, ಲಿನಕ್ಸ್ ಮಟ್ಟದಲ್ಲಿ ರೂಟ್. ತಾತ್ಕಾಲಿಕವಾಗಿ ಮಾತ್ರ, ಸೋಮವಾರ ತೆಗೆಯುವುದು ಎಂದು ಟಿಕೆಟ್‌ನಲ್ಲಿ ಬರೆಯಿರಿ. ಯಾವ ಸೋಮವಾರ ಎಂದು ಬರೆಯಬೇಕಾಗಿಲ್ಲ.

ಸೂಪರ್‌ಯೂಸರ್ ಕೊಡುವುದರಿಂದ ಇನ್ನೊಂದು ಸೊಗಸಾದ ಪರಿಣಾಮವಿದೆ. ಪೋಸ್ಟ್‌ಗ್ರೆಸ್‌ನ ಆ 100 ಸಂಪರ್ಕಗಳಲ್ಲಿ 3 ಸೂಪರ್‌ಯೂಸರ್‌ಗಾಗಿ ಮೀಸಲು. ಎಲ್ಲವೂ ಭರ್ತಿಯಾಗಿ ಡೇಟಾಬೇಸ್ ಉಸಿರು ಕಟ್ಟಿದಾಗ ಅದನ್ನು ನೋಡಿಕೊಳ್ಳುವ ಡಿಬಿಎ ಒಳಗೆ ಬಂದು ನೋಡಲಿ ಎಂದು ಬಿಟ್ಟ ಜಾಗ ಅದು. ಏಜೆಂಟ್ ಸೂಪರ್‌ಯೂಸರ್ ಆಗಿದ್ದರೆ ಆ ಮೂರನ್ನೂ ಅದೇ ಹಿಡಿದು ಕೂರಬಹುದು. ಡಿಬಿಎಗೆ ಒಳಗೆ ಬರಲಾಗುವುದಿಲ್ಲ. ಅವರು ಒಳಗೆ ಬಂದಿದ್ದರೆ ಗಾಬರಿಯಲ್ಲಿ ಏನೇನು ಮಾಡುತ್ತಿದ್ದರೋ. ಬಾರದಂತೆ ನೋಡಿಕೊಂಡದ್ದೂ ಒಂದು ಕಾವಲೇ.

ಮನುಷ್ಯರಿಗೆ ಮಾತ್ರ ಇಷ್ಟು ಧಾರಾಳವಾಗಿ ಅಧಿಕಾರ ಕೊಡಬಾರದು. ರಾತ್ರಿ ಪಾಳಿಯ ಎಲ್-1, ಎಂದರೆ ಮೊದಲ ಹಂತದ ಹುಡುಗರಿಗೆ ಡೇಟಾಬೇಸ್‌ಗೆ ಲಾಗಿನ್ ಇರಕೂಡದು, ಅದು ಭದ್ರತೆಯ ಪ್ರಶ್ನೆ. ಅವರಿಗೊಂದು ಓದುವ ಅನುಮತಿ ಬೇಕೆಂದರೂ ಫಾರಂ ತುಂಬಬೇಕು, ಇಬ್ಬರು ಮ್ಯಾನೇಜರ್ ಒಪ್ಪಬೇಕು, ಮೂರು ತಿಂಗಳಿಗೊಮ್ಮೆ ಅದು ತಾನಾಗಿ ರದ್ದಾಗಬೇಕು. ಏಜೆಂಟನ್ನು ಹಾಕುವಾಗ ಮಾತ್ರ, ಇಂಟರ್ನೆಟ್‌ನಿಂದ ಒಂದು ಸ್ಕ್ರಿಪ್ಟನ್ನು ಇಳಿಸಿಕೊಂಡು ಓದದೆಯೇ ರೂಟ್ ಆಗಿ ಓಡಿಸುವ ಒಂದೇ ಸಾಲಿನ ಆಜ್ಞೆಯನ್ನು ತಯಾರಕರೇ ಕೊಟ್ಟಿರುತ್ತಾರೆ. ಅದನ್ನು ನಕಲು ಮಾಡಿ ಅಂಟಿಸಿ ಎಂಟರ್ ಒತ್ತಿ. ಸಿಬ್ಬಂದಿಯನ್ನು ನಂಬಬಾರದು, ಸ್ಕ್ರಿಪ್ಟನ್ನು ನಂಬಬೇಕು ಎಂಬುದು ಭದ್ರತಾ ನೀತಿಯ ಸಾರ.

ಇದಕ್ಕೆ ಸೋಲಾರ್‌ವಿಂಡ್ಸ್‌ನ ಉದಾಹರಣೆಯನ್ನು ಎತ್ತಿ ಹೆದರಿಸುವವರಿದ್ದಾರೆ. ಟೆಕ್ಸಸ್‌ನ ಆ ಕಂಪನಿಯ ಓರಿಯನ್ ಎಂಬ ಮಾನಿಟರಿಂಗ್ ಸಾಫ್ಟ್‌ವೇರ್‌ನ ಅಪ್‌ಡೇಟ್ ಒಳಗೆ 2020ರಲ್ಲಿ ಕಳ್ಳರು ತಮ್ಮ ಕೋಡ್ ಸೇರಿಸಿದರು. ಸುಮಾರು 18,000 ಗ್ರಾಹಕರು ಅದನ್ನು ಶ್ರದ್ಧೆಯಿಂದ ಹಾಕಿಕೊಂಡರು, ಅಮೆರಿಕದ ಸರ್ಕಾರಿ ಇಲಾಖೆಗಳೂ ಸೇರಿದಂತೆ. ಒಳಹೊಕ್ಕ ಮೇಲೆ ಅದು ಎರಡು ವಾರದವರೆಗೆ ಏನೂ ಮಾಡದೆ ಸುಮ್ಮನಿರುತ್ತಿತ್ತು. ಆಮೇಲೆ ತನ್ನ ಮಾತುಕತೆಯನ್ನೆಲ್ಲ ಓರಿಯನ್‌ನದೇ ಮಾಮೂಲಿ ಸಂಚಾರವೆಂಬಂತೆ ಕಾಣಿಸುತ್ತಿತ್ತು. ವಸಂತದಲ್ಲಿ ಹೊಕ್ಕದ್ದನ್ನು ಡಿಸೆಂಬರ್‌ನಲ್ಲಿ ಫೈರ್‌ಐ ಎಂಬ ಭದ್ರತಾ ಕಂಪನಿ ತನ್ನ ಮನೆಯಲ್ಲೇ ಕಳವಾದ ಮೇಲೆ ಕಂಡುಹಿಡಿಯಿತು. ಟೀಕಾಕಾರರು ಇಲ್ಲೊಂದು ಮುಖ್ಯ ವಿಷಯವನ್ನು ಮರೆಯುತ್ತಾರೆ. ಅಷ್ಟು ತಿಂಗಳೂ ಡ್ಯಾಶ್‌ಬೋರ್ಡ್ ಹಸಿರಾಗಿಯೇ ಇತ್ತು. ಮಾನಿಟರಿಂಗ್ ಎಲ್ಲೂ ನಿಂತಿರಲಿಲ್ಲ.

ಅಧಿಕಾರ ಕೊಟ್ಟಾಯಿತು, ಇನ್ನು ಕಾನ್ಫಿಗರೇಶನ್. ಜ್ಯಾಬಿಕ್ಸ್ ಏಜೆಂಟ್‌ನ ಕಡತದಲ್ಲಿ ಮೊದಲಿಂದಲೇ ಎರಡು ಸಾಲು ಬರೆದಿರುತ್ತದೆ. ಒಂದು, ಯಾರ ಪ್ರಶ್ನೆಗೆ ಉತ್ತರ ಕೊಡಬೇಕು ಎಂಬುದು. ಅಲ್ಲಿ ಅದೇ ಯಂತ್ರದ ಒಳವಿಳಾಸ 127.0.0.1 ಇರುತ್ತದೆ. ಎಂದರೆ ಹೊಸ ಏಜೆಂಟ್ ತಾನೇ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಇನ್ನೊಂದು ಹೋಸ್ಟ್‌ನೇಮ್; ಅಲ್ಲಿ 'ಜ್ಯಾಬಿಕ್ಸ್ ಸರ್ವರ್' ಎಂದಿರುತ್ತದೆ. ಎರಡನೆಯದನ್ನು ಬದಲಿಸಲು ಮರೆತು ಸಾಲಾಗಿ ಸರ್ವರ್‌ಗಳ ಮೇಲೆ ನಕಲು ಹೊಡೆದರೆ, ತಾವಾಗಿ ಮಾಹಿತಿ ಕಳಿಸುವ ಏಜೆಂಟ್‌ಗಳೆಲ್ಲ ಒಂದೇ ಹೆಸರಲ್ಲಿ ಮಾತಾಡತೊಡಗುತ್ತವೆ. ಸಂಬಳದ ಡೇಟಾಬೇಸ್‌ನ ಡಿಸ್ಕು, ಸಾಲದ ಡೇಟಾಬೇಸ್‌ನ ಮೆಮೊರಿ, ಟೆಸ್ಟ್ ಸರ್ವರ್‌ನ ಸಿಪಿಯು ಎಲ್ಲ ಒಂದೇ ಗ್ರಾಫ್‌ನಲ್ಲಿ ಏರಿಳಿಯುತ್ತವೆ. ಗ್ರಾಫ್ ನೋಡಲು ತುಂಬಾ ಜೀವಂತವಾಗಿರುತ್ತದೆ. ಮಾಸಿಕ ವರದಿಗೆ ಅದನ್ನೇ ಹಾಕಬೇಕೆಂದು ನನ್ನ ಶಿಫಾರಸು.

ಕಡತ ಸರಿಹೋದ ಮೇಲೆ ಫೈರ್‌ವಾಲ್. ಜ್ಯಾಬಿಕ್ಸ್ ಏಜೆಂಟ್‌ಗೆ 10050ನೇ ಪೋರ್ಟ್, ಮೈಎಸ್‌ಕ್ಯುಎಲ್ ಎಕ್ಸ್‌ಪೋರ್ಟರ್‌ಗೆ 9104, ಪೋಸ್ಟ್‌ಗ್ರೆಸ್‌ನದಕ್ಕೆ 9187, ಒರಾಕಲ್ ಏಜೆಂಟ್‌ಗೆ ಸಾಮಾನ್ಯವಾಗಿ 3872. ಟಿಕೆಟ್ ಹಾಕಿ. 'ಬಿಸಿನೆಸ್ ಜಸ್ಟಿಫಿಕೇಶನ್' ಎಂಬ ಅಂಕಣದಲ್ಲಿ 'ಮಾನಿಟರಿಂಗ್' ಎಂದು ಬರೆದರೆ ವಿವರ ಸಾಲದು ಎಂದು ವಾಪಸ್ ಬರುತ್ತದೆ. 'ನಿರಂತರ ಮಾನಿಟರಿಂಗ್' ಎಂದು ಬರೆದರೆ ಒಪ್ಪಿಗೆಯಾಗುತ್ತದೆ. ಒಪ್ಪಿಗೆಯಾದ ಮೇಲೆ ನಡೆಯುವ ಸಂಭಾಷಣೆಗೆ ನಿಶ್ಚಿತ ರೂಪವಿದೆ, ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು.

"ಸಾರ್, ಪೋರ್ಟ್ ಇನ್ನೂ ಓಪನ್ ಆಗಿಲ್ಲ."

"ನಮ್ಮ ಕಡೆಯಿಂದ ಓಪನ್ ಇದೆ."

"ಟೈಮ್‌ಔಟ್ ಬರ್ತಿದೆ ಸಾರ್."

"ಸರ್ವರ್ ಟೀಮಿಗೆ ಕೇಳಿ."

"ಅವರೂ ಅವರ ಕಡೆಯಿಂದ ಓಪನ್ ಇದೆ ಅಂತಾರೆ."

"ಹಾಗಾದ್ರೆ ಓಪನ್ ಇದೆ."

ಇಲ್ಲಿ ಒಂದು ತಾಂತ್ರಿಕ ಸೂಕ್ಷ್ಮ. ಸಂಪರ್ಕ ತಕ್ಷಣ ತಿರಸ್ಕೃತವಾದರೆ ಸಾಮಾನ್ಯವಾಗಿ ದಾರಿ ಸರಿಯಿದೆ, ಆ ಕಡೆ ಏಜೆಂಟ್ ಓಡುತ್ತಿಲ್ಲ ಎಂದರ್ಥ. ಏನೂ ಉತ್ತರ ಬಾರದೆ ಸಮಯ ಮುಗಿದುಹೋದರೆ ನಡುವೆ ಎಲ್ಲೋ ಫೈರ್‌ವಾಲ್ ನುಂಗಿದೆ ಎಂದರ್ಥ. ಈ ವ್ಯತ್ಯಾಸ ನಿಮಗೆ ಗೊತ್ತಿದೆ ಎಂದು ತೋರಿಸಿಕೊಳ್ಳಬೇಡಿ. ಗೊತ್ತಿರುವವರನ್ನೇ ಎಲ್ಲ ಕಾಲ್‌ಗಳಿಗೂ ಎಳೆಯುತ್ತಾರೆ.

ಇಷ್ಟೆಲ್ಲ ಆಗಿ ಏಜೆಂಟ್ ಉಸಿರಾಡಲು ಶುರು ಮಾಡಿದ ಮೇಲೆ ಅದರ ಆಯುಷ್ಯವನ್ನು ನಿರ್ಧರಿಸುವುದು ಪಾಸ್‌ವರ್ಡ್. ಒರಾಕಲ್‌ನ ಡೀಫಾಲ್ಟ್ ಪ್ರೊಫೈಲ್‌ನಲ್ಲಿ 11ಜಿ ಆವೃತ್ತಿಯಿಂದ ಪಾಸ್‌ವರ್ಡ್‌ಗೆ 180 ದಿನದ ಆಯಸ್ಸು. ಏಜೆಂಟ್‌ಗೆಂದು ಮಾಡಿದ ಬಳಕೆದಾರನನ್ನು ಅದೇ ಪ್ರೊಫೈಲ್‌ನಲ್ಲಿ ಬಿಟ್ಟು ಮರೆತುಬಿಡಬೇಕು, ಮರೆಯುವುದು ಮುಖ್ಯ. ಆರು ತಿಂಗಳು ಕಳೆದ ಮೇಲೆ ಒರಾಕಲ್ 7 ದಿನಗಳ ಕೃಪಾವಧಿ ಕೊಡುತ್ತದೆ. ಆ ಏಳೂ ದಿನ, ಲಾಗಿನ್ ಆದಾಗಲೆಲ್ಲ, "ನಿಮ್ಮ ಪಾಸ್‌ವರ್ಡ್ ಅವಧಿ ಮುಗಿಯುತ್ತಿದೆ" ಎಂದು ವಿನಯದಿಂದ ಎಚ್ಚರಿಸುತ್ತದೆ. ಯಾರನ್ನು? ಲಾಗಿನ್ ಆದವರನ್ನು. ಲಾಗಿನ್ ಆಗುವುದು ಏಜೆಂಟ್ ಒಂದೇ. ಎಚ್ಚರಿಕೆಗಳನ್ನು ಊರಿಗೆಲ್ಲ ಹಂಚುವುದಕ್ಕೆಂದೇ ನೇಮಕವಾದ ಏಜೆಂಟ್, ತನಗೆ ಬಂದ ಈ ಒಂದು ಎಚ್ಚರಿಕೆಯನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ಸ್ವಾರ್ಥವಿಲ್ಲದ ಸೇವೆ ಎಂದರೆ ಇದು.

ಎಂಟನೆಯ ದಿನ ಬೆಂಗಳೂರಿನಲ್ಲಿ ಬೆಳಗಿನ ಜಾವ ಮೂರು ಗಂಟೆ. ಏಜೆಂಟ್ ಬಾಗಿಲು ತಟ್ಟುತ್ತದೆ, ಒಳಗೆ ಬಿಡುವುದಿಲ್ಲ. ಒಳಗೆ ಹೋಗಲಾಗಲಿಲ್ಲವಾದ್ದರಿಂದ ಒಳಗೆ ಯಾರೂ ಬದುಕಿಲ್ಲ ಎಂದು ತೀರ್ಮಾನಿಸಿ 'ಡೇಟಾಬೇಸ್ ಡೌನ್' ಎಂದು ಸಾರುತ್ತದೆ. ಎಲ್-1 ಹುಡುಗ ಆನ್‌ಕಾಲ್ ಡಿಬಿಎಗೆ ಫೋನ್ ಮಾಡುತ್ತಾನೆ.

"ಸಾರ್, ಡಿಸ್ಟರ್ಬ್ ಮಾಡ್ತಿದೀನಿ, ಪ್ರೊಡಕ್ಷನ್ ಡೇಟಾಬೇಸ್ ಡೌನ್ ಅಂತ ಬಂದಿದೆ."

"ಲಾಗಿನ್ ಆಗಿ ನೋಡಿದ್ಯೇನಪ್ಪಾ?"

"ನಂಗೆ ಆಕ್ಸೆಸ್ ಇಲ್ವಲ್ಲಾ ಸಾರ್."

"ಯಾರಾದ್ರೂ ಯೂಸರ್ ಕಂಪ್ಲೇಂಟ್ ಮಾಡಿದಾರಾ?"

"ಇಲ್ಲ ಸಾರ್. ಅಪ್ಲಿಕೇಶನ್ ಚೆನ್ನಾಗಿ ಓಡ್ತಿದೆ. ಡೇಟಾಬೇಸ್ ಮಾತ್ರ ಡೌನ್ ಇದೆ."

ಡಿಬಿಎ ಎದ್ದು, ವಿಪಿಎನ್ ಹಾಕಿ, ಪಾಸ್‌ವರ್ಡ್ ಬದಲಿಸಿ ಮಲಗುತ್ತಾರೆ. ಡೇಟಾಬೇಸ್‌ನಲ್ಲಿ ಬದಲಿಸುತ್ತಾರೆ, ಏಜೆಂಟ್‌ಗೆ ಹೇಳುವುದಿಲ್ಲ. ಏಜೆಂಟ್ ತನ್ನ ಹಳೆಯ ಪಾಸ್‌ವರ್ಡ್ ಹಿಡಿದು ಮತ್ತೆ ಮತ್ತೆ ತಟ್ಟುತ್ತದೆ. ಅದೇ ಡೀಫಾಲ್ಟ್ ಪ್ರೊಫೈಲ್ ಪ್ರಕಾರ 10 ಸಲ ತಪ್ಪಿದರೆ ಖಾತೆಗೆ ಬೀಗ, ಒಂದು ದಿನ. ನಾಲ್ಕು ಗಂಟೆಗೆ ಮತ್ತೆ ಫೋನ್. ಪುಣ್ಯಕ್ಕೆ ಅಷ್ಟರಲ್ಲಿ ಪಾಳಿ ಬದಲಾಗುವ ಹೊತ್ತು ಹತ್ತಿರವಾಗಿರುತ್ತದೆ. ಹ್ಯಾಂಡ್‌ಓವರ್ ಮೇಲ್‌ನಲ್ಲಿ 'ಅಂಡರ್ ಅಬ್ಸರ್ವೇಶನ್' ಎಂದು ಬರೆದು ಕ್ಯಾಬ್ ಹತ್ತಬಹುದು. ಇಂಥ ಗೋಳು ಬೇಡ ಎನ್ನುವವರು ಏಜೆಂಟ್‌ಗೆ ಬೇರೆ ಪ್ರೊಫೈಲ್ ಮಾಡಿ, ಪಾಸ್‌ವರ್ಡ್ ಬದಲಿಸುವ ಕೆಲಸವನ್ನು ಎರಡೂ ಕಡೆ ಒಟ್ಟಿಗೆ ಆಗುವಂತೆ ಕಟ್ಟುತ್ತಾರೆ. ಅದಕ್ಕೆ ಒಂದು ಮಧ್ಯಾಹ್ನ ಹಿಡಿಯುತ್ತದೆ. ಮಧ್ಯಾಹ್ನಗಳು ಸ್ಟೇಟಸ್ ಮೀಟಿಂಗ್‌ಗೆ ಮೀಸಲು. ಆದ್ದರಿಂದ ಎಲ್ಲ ಸರ್ವರ್‌ಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟು, ಎಕ್ಸೆಲ್ ಹಾಳೆಯಲ್ಲಿ ಬರೆದು, ಹಾಳೆಗೆ 'ಗೌಪ್ಯ' ಎಂದು ಹೆಸರಿಡುವುದೇ ಪ್ರಚಲಿತ ಪದ್ಧತಿ.

ಥ್ರೆಶ್‌ಹೋಲ್ಡ್‌ಗಳ ಬಗ್ಗೆ ದೀರ್ಘ ಚರ್ಚೆ ಬೇಡ. ಡಿಸ್ಕ್ ಶೇ 80 ತುಂಬಿದರೆ ಎಚ್ಚರಿಕೆ, ಶೇ 90ಕ್ಕೆ ಅಪಾಯ. ಎಲ್ಲ ಸರ್ವರ್‌ಗೂ ಒಂದೇ. 20 ಜಿಬಿಯ ಡಿಸ್ಕ್‌ನಲ್ಲಿ ಆಗ 4 ಜಿಬಿ ಉಳಿದಿರುತ್ತದೆ, 10 ಟಿಬಿಯ ಡಿಸ್ಕ್‌ನಲ್ಲಿ 2 ಟಿಬಿ. ಮೊದಲನೆಯದು ಮಧ್ಯಾಹ್ನದೊಳಗೆ ಮುಗಿಯಬಹುದು, ಎರಡನೆಯದು ಮುಂದಿನ ವರ್ಷವೂ ಮುಗಿಯದಿರಬಹುದು. ಎರಡಕ್ಕೂ ಒಂದೇ ಬಣ್ಣದ ಅಲರ್ಟ್ ಬರುವುದು ಸಮಾನತೆ. ಎಷ್ಟು ತುಂಬಿದೆ ಎಂಬುದಕ್ಕಿಂತ ಎಷ್ಟು ವೇಗದಲ್ಲಿ ತುಂಬುತ್ತಿದೆ, ಎಂದು ಖಾಲಿಯಾಗಬಹುದು ಎಂದು ಲೆಕ್ಕ ಹಾಕುವ ಸೌಲಭ್ಯ ಪ್ರೊಮಿಥಿಯಸ್‌ನಲ್ಲೂ ಇದೆ, ಜ್ಯಾಬಿಕ್ಸ್‌ನಲ್ಲೂ ಇದೆ. ಭವಿಷ್ಯ ಹೇಳುವ ಕೆಲಸ ನಮ್ಮ ಕಾಂಟ್ರಾಕ್ಟ್‌ನಲ್ಲಿಲ್ಲ.

ಹೀಗೆ ಬರುವ ಅಲರ್ಟ್‌ಗಳನ್ನೆಲ್ಲ ಒಂದು ಗುಂಪು ವಿಳಾಸಕ್ಕೆ ಕಳಿಸಿ. ಗುಂಪಿನಲ್ಲಿ ಎಲ್ಲರೂ ಇರಬೇಕು. ಕೆಲಸ ಬಿಟ್ಟು ಹೋದವರೂ ಇದ್ದರೆ ಚಿಂತೆಯಿಲ್ಲ. ಎಲ್ಲರಿಗೂ ಹೋದ ಅಲರ್ಟನ್ನು ಬೇರೆ ಯಾರೋ ನೋಡಿರುತ್ತಾರೆ ಎಂಬ ಭರವಸೆ ಪ್ರತಿಯೊಬ್ಬರಲ್ಲೂ ಹುಟ್ಟುತ್ತದೆ, ತಂಡದಲ್ಲಿ ಪರಸ್ಪರ ನಂಬಿಕೆ ಬೆಳೆಯುವುದು ಹೀಗೆ. ಆಮೇಲೆ ಪ್ರತಿಯೊಬ್ಬರೂ ತಮ್ಮ ಔಟ್‌ಲುಕ್‌ನಲ್ಲಿ, ಆ ವಿಳಾಸದಿಂದ ಬಂದದ್ದೆಲ್ಲ ನೇರವಾಗಿ ಒಂದು ಫೋಲ್ಡರ್‌ಗೆ ಹೋಗುವಂತೆ ರೂಲ್ ಬರೆದುಕೊಳ್ಳಬೇಕು. ಇಡೀ ವ್ಯವಸ್ಥೆಯಲ್ಲಿ ಮೊದಲ ದಿನದಿಂದ ಒಂದೂ ತಪ್ಪಿಲ್ಲದೆ ಓಡುವ ಕಾನ್ಫಿಗರೇಶನ್ ಇದೊಂದೇ.

ಮೇಲಿನವರಿಗೆ ತೋರಿಸಲು ಒಂದು ಒಳ್ಳೆಯ ಅಂಕಿ ಬೇಕಾಗುತ್ತದೆ. ಒರಾಕಲ್ ಲೋಕದಲ್ಲಿ ಬಹುಕಾಲ ಪೂಜೆಗೊಂಡ ಅಂಕಿ ಬಫರ್ ಕ್ಯಾಶ್ ಹಿಟ್ ರೇಶಿಯೊ. ಕೇಳಿದ ಮಾಹಿತಿಯಲ್ಲಿ ಎಷ್ಟು ಪಾಲು ಡಿಸ್ಕಿಗೆ ಹೋಗದೆ ಮೆಮೊರಿಯಲ್ಲೇ ಸಿಕ್ಕಿತು ಎಂಬುದು ಅದು. ಹೆಚ್ಚಿದ್ದಷ್ಟೂ ಆರೋಗ್ಯ ಎಂಬ ನಂಬಿಕೆಯಿತ್ತು. ಕಾನರ್ ಮೆಕ್‌ಡೊನಾಲ್ಡ್ ಎಂಬ ಒರಾಕಲ್ ತಜ್ಞರು ಒಂದು ಸ್ಕ್ರಿಪ್ಟ್ ಬರೆದರು. ನಿಮಗೆ ಬೇಕಾದ ಹಿಟ್ ರೇಶಿಯೊ ಎಷ್ಟೆಂದು ಹೇಳಿದರೆ, ಅದು ಮೆಮೊರಿಯಲ್ಲಿ ಇರುವುದನ್ನೇ ಅಷ್ಟು ಸಲ ಸುಮ್ಮಸುಮ್ಮನೆ ಓದಿ ಅಂಕಿಯನ್ನು ಅಲ್ಲಿಗೆ ಮುಟ್ಟಿಸುತ್ತದೆ. ಆ ಅಂಕಿಗೆ ಅರ್ಥವಿಲ್ಲ ಎಂದು ತೋರಿಸಲು ಅವರು ಇದನ್ನು ಬರೆದರಂತೆ. ಇಷ್ಟು ಉಪಯುಕ್ತವಾದ ಸಾಧನವನ್ನು ಬರೀ ವಾದ ಗೆಲ್ಲಲು ಬರೆಯುವವರಿದ್ದಾರೆಂದರೆ ಆಶ್ಚರ್ಯ. ತ್ರೈಮಾಸಿಕ ಪರಿಶೀಲನೆಯ ಹಿಂದಿನ ರಾತ್ರಿ ಇದರ ಬೆಲೆ ತಿಳಿಯುತ್ತದೆ.

ಬೆಲೆ ಎಂದಾಗ ನೆನಪಾಯಿತು. ಒರಾಕಲ್‌ನ ಎಂಟರ್‌ಪ್ರೈಸ್ ಆವೃತ್ತಿಯಲ್ಲಿ ಗಂಟೆಗೊಮ್ಮೆ ಡೇಟಾಬೇಸ್‌ನ ಒಳಗಿನ ಚಿತ್ರ ತೆಗೆದು 8 ದಿನ ಇಟ್ಟುಕೊಳ್ಳುವ ವ್ಯವಸ್ಥೆ ತಾನಾಗಿಯೇ ಓಡುತ್ತಿರುತ್ತದೆ. ಅದನ್ನು ತೆರೆದು ನೋಡಲು ಡಯಾಗ್ನಾಸ್ಟಿಕ್ಸ್ ಪ್ಯಾಕ್ ಎಂಬ ಪ್ರತ್ಯೇಕ ಲೈಸೆನ್ಸ್ ಬೇಕು. ಬಾಗಿಲು ಮಾತ್ರ ಮೊದಲಿಂದಲೇ ತೆರೆದಿರುತ್ತದೆ. ಒಳಗೆ ಹೋಗಿ ನೋಡಿದವರ ಹೆಜ್ಜೆ ಗುರುತು ಡೇಟಾಬೇಸ್‌ನಲ್ಲೇ ಉಳಿಯುತ್ತದೆ. ಗ್ರಾಹಕರ ಮೇಲೆ ಇಷ್ಟು ನಂಬಿಕೆಯಿಟ್ಟ ಕಂಪನಿ ಇನ್ನೊಂದಿಲ್ಲ. ಪೋಸ್ಟ್‌ಗ್ರೆಸ್ ಉಚಿತ; ಆದರೆ ಯಾವ ಕ್ವೆರಿ ನಿಧಾನ ಎಂದು ಎಣಿಸುವ ಅದರ ವಿಸ್ತರಣೆಯನ್ನು ಮೊದಲ ಸಲ ಹಾಕಲು ಡೇಟಾಬೇಸನ್ನೇ ನಿಲ್ಲಿಸಿ ಮತ್ತೆ ಹಚ್ಚಬೇಕು. ಸೇವೆ ಎಂದೂ ನಿಲ್ಲಬಾರದು, ನಿಧಾನವಾಗಲೂಬಾರದು ಎಂದು ನೋಡಿಕೊಳ್ಳುವ ಏಜೆಂಟ್‌ನ ಮೊದಲ ಬೇಡಿಕೆ ಸೇವೆಯನ್ನು ನಿಲ್ಲಿಸಿ ಎಂಬುದು. ಚೇಂಜ್ ಬೋರ್ಡ್ ಇದನ್ನು ಒಪ್ಪುವುದಿಲ್ಲ. ಡೇಟಾಬೇಸ್ ತಾನಾಗಿ ಬೀಳುವವರೆಗೆ ಕಾಯುವುದು, ಬಿದ್ದಾಗ ಹಾಕಿಬಿಡುವುದು.

ಅಲರ್ಟ್ ಹೋಗಿದ್ದರೆ ಸಾಕು ಎಂಬ ನನ್ನ ತತ್ತ್ವಕ್ಕೆ ಪುರಾವೆ ಕೇಳುವವರಿಗೆ, ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನ ಕಥೆ ಸಾಕು. 2017ರ ಜನವರಿ 31. ಪೋಸ್ಟ್‌ಗ್ರೆಸ್‌ನ ಪ್ರತಿಕೃತಿ ಸರ್ವರ್ ಹಿಂದೆ ಬಿದ್ದಿತ್ತು. ಅದನ್ನು ಸರಿಪಡಿಸಲು ರಾತ್ರಿ ಕೂತಿದ್ದ ಇಂಜಿನಿಯರ್ ಒಬ್ಬರು ಪ್ರತಿಕೃತಿಯ ಡೇಟಾ ಅಳಿಸಲು ಹೋಗಿ ಮುಖ್ಯ ಸರ್ವರ್‌ನ ಡೇಟಾ ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿ ತಿಳಿದು ನಿಲ್ಲಿಸಿದರು. ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿದಿತ್ತು. ಪರವಾಗಿಲ್ಲ, ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಬ್ಯಾಕಪ್ ಇಡುವ ಜಾಗ ಖಾಲಿ. ಡೇಟಾಬೇಸ್ 9.6ನೇ ಆವೃತ್ತಿಯದು, ಬ್ಯಾಕಪ್ ತೆಗೆಯುವ ಸಾಧನ ಮಾತ್ರ 9.2ರದ್ದು ಓಡುತ್ತಿತ್ತು, ಆವೃತ್ತಿ ಹೊಂದಲಿಲ್ಲವೆಂದು ಅದು ಪ್ರತಿಸಲವೂ ಕೆಲಸ ಮಾಡದೆ ನಿಲ್ಲುತ್ತಿತ್ತು.

ಇಷ್ಟು ದಿನ ಇದು ಯಾರಿಗೂ ತಿಳಿಯಲಿಲ್ಲವೇ? ಇಲ್ಲಿ ಓದುಗರು ಗಮನಿಸಬೇಕು. ಬ್ಯಾಕಪ್ ವಿಫಲವಾದಾಗಲೆಲ್ಲ ವ್ಯವಸ್ಥೆ ಮೇಲ್ ಕಳಿಸುತ್ತಿತ್ತು. ತಪ್ಪದೆ ಕಳಿಸುತ್ತಿತ್ತು. ಆ ಮೇಲ್‌ಗಳಿಗೆ ಸರಿಯಾದ ಡಿಜಿಟಲ್ ಸಹಿ ಇರಲಿಲ್ಲವಾದ್ದರಿಂದ, ಖೋಟಾ ಮೇಲ್ ತಡೆಯುವ ಡಿಮಾರ್ಕ್ ಎಂಬ ನಿಯಮದಡಿ ಅತ್ತ ಕಡೆಯ ಮೇಲ್ ಸರ್ವರ್ ಅವನ್ನು ಬಾಗಿಲಲ್ಲೇ ತಿರಸ್ಕರಿಸುತ್ತಿತ್ತು. ಕಳಿಸುವವನು ತನ್ನ ಕರ್ತವ್ಯ ಮಾಡಿದ, ತಡೆಯುವವನು ತನ್ನ ಕರ್ತವ್ಯ ಮಾಡಿದ. ಕೊನೆಗೆ, ಬೇರೇನೋ ಕೆಲಸಕ್ಕೆಂದು ಆರು ಗಂಟೆ ಮುಂಚೆ ಯಾರೋ ಕೈಯಾರೆ ತೆಗೆದಿಟ್ಟಿದ್ದ ಸ್ನ್ಯಾಪ್‌ಶಾಟ್‌ನಿಂದ ಸೈಟನ್ನು ಎಬ್ಬಿಸಿದರು. ಸುಮಾರು 5,000 ಪ್ರಾಜೆಕ್ಟ್, 5,000 ಕಾಮೆಂಟ್, 700 ಹೊಸ ಖಾತೆಗಳ ಮಾಹಿತಿ ಹೋಯಿತು. ರಿಪೇರಿಯನ್ನು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿದರು, ತಪ್ಪುಗಳನ್ನೆಲ್ಲ ಬರೆದು ಪ್ರಕಟಿಸಿದರು. ಇಷ್ಟು ಬಿಚ್ಚುಮನಸ್ಸು ನಮ್ಮ ಉದ್ಯಮಕ್ಕೆ ಒಳ್ಳೆಯದಲ್ಲ. ನಮ್ಮಲ್ಲಾಗಿದ್ದರೆ 'ಥರ್ಡ್ ಪಾರ್ಟಿ ಮೇಲ್ ಸಮಸ್ಯೆ' ಎಂದು ಒಂದು ಸಾಲಿನಲ್ಲಿ ಟಿಕೆಟ್ ಮುಚ್ಚುತ್ತಿತ್ತು.

ಕಡೆಯದಾಗಿ, ಏಜೆಂಟೇ ಸತ್ತರೆ? ಇದು ಬಹಳ ಜನಕ್ಕಿರುವ ಅನಗತ್ಯ ಭಯ. ಏಜೆಂಟ್ ಸತ್ತರೆ ಅಲರ್ಟ್ ಬರುವುದಿಲ್ಲ, ಅಲರ್ಟ್ ಬರದಿದ್ದರೆ ಎಲ್ಲ ಸರಿಯಿದೆ. ಪ್ರೊಮಿಥಿಯಸ್‌ನಲ್ಲಿ ಮೈಎಸ್‌ಕ್ಯುಎಲ್ ಓಡುತ್ತಿದ್ದರೆ ಒಂದು, ಬಿದ್ದರೆ ಸೊನ್ನೆ. 'ಮೈಎಸ್‌ಕ್ಯುಎಲ್ ಸೊನ್ನೆಯಾದರೆ ಎಚ್ಚರಿಸು' ಎಂದು ನಿಯಮ ಬರೆದಿಟ್ಟರೆ, ಎಕ್ಸ್‌ಪೋರ್ಟರ್ ಸತ್ತಾಗ ಸೊನ್ನೆಯೂ ಬರುವುದಿಲ್ಲ, ಒಂದೂ ಬರುವುದಿಲ್ಲ. ಏನೂ ಬರದಿದ್ದರೆ ನಿಯಮಕ್ಕೆ ಹೋಲಿಸಲು ಏನೂ ಇಲ್ಲ, ಆದ್ದರಿಂದ ಅದು ಮೌನ. ಮಾಹಿತಿ ಬಾರದೇ ಹೋದರೆ ಎಚ್ಚರಿಸುವ ಸೌಲಭ್ಯ ಜ್ಯಾಬಿಕ್ಸ್‌ನಲ್ಲೂ ಇದೆ, ಪ್ರೊಮಿಥಿಯಸ್‌ನಲ್ಲೂ ಇದೆ. ಸದಾ ಹೊಡೆಯುತ್ತಲೇ ಇರುವ ಅಲರ್ಟ್ ಒಂದನ್ನು ಹೊರಗಿನ ಯಾವುದಾದರೂ ಸೇವೆಗೆ ಕಳಿಸುತ್ತಿದ್ದು, ಅದು ನಿಂತ ಕ್ಷಣ ಮನುಷ್ಯನನ್ನು ಎಬ್ಬಿಸುವ ಏರ್ಪಾಡನ್ನೂ ಕೆಲವರು ಮಾಡುತ್ತಾರೆ. ಅಂಥವರ ಕಣ್ಣ ಕೆಳಗೆ ಕಪ್ಪು ಕಲೆ ನೋಡಿದ್ದೇನೆ.

ಮಾನಿಟರಿಂಗ್ ಮಾರಿಯೇ ದೊಡ್ಡದಾದ ಡೇಟಾಡಾಗ್ ಕಂಪನಿಯದೇ ವ್ಯವಸ್ಥೆ 2023ರ ಮಾರ್ಚ್ 8ರಂದು ಮಲಗಿತು; ಉಬುಂಟು ಯಂತ್ರಗಳಲ್ಲಿ ತಾನಾಗಿ ಆದ ಒಂದು ಭದ್ರತಾ ಅಪ್‌ಡೇಟ್ ನೆಟ್‌ವರ್ಕ್‌ನ ದಾರಿಗಳನ್ನು ಅಳಿಸಿಹಾಕಿತ್ತು. ಅದನ್ನು ನೆಚ್ಚಿಕೊಂಡ ಕಂಪನಿಗಳ ಸರ್ವರ್‌ಗಳು ಆ ದಿನ ಎಷ್ಟು ಆರೋಗ್ಯವಾಗಿದ್ದವೋ ಅವಕ್ಕೇ ಗೊತ್ತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಏಜೆಂಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 21 ಅಂಕಣ ಇರಬೇಕೆಂದುಕೊಂಡ ಕಡೆ 20 ಕೊಟ್ಟರು, ಇಪ್ಪತ್ತೊಂದನೆಯದನ್ನು ಓದಲು ಹೋಗಿ ಯಂತ್ರವನ್ನೇ ಬೀಳಿಸಿತು. ಮೈಕ್ರೋಸಾಫ್ಟ್ ಲೆಕ್ಕದಲ್ಲಿ 85 ಲಕ್ಷ ವಿಂಡೋಸ್ ಯಂತ್ರಗಳು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಅಕ್ಷರ ಚೆನ್ನಾಗಿತ್ತು ಎಂದು ಕೇಳಿದ್ದೇನೆ. ಬಿದ್ದ ಯಂತ್ರಗಳನ್ನು ಯಾವ ಕಳ್ಳನಿಗೂ ಮುಟ್ಟಲಾಗಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅನಾಹುತ ಆದ ಮೇಲೆ ಆರ್‌ಸಿಎ, ಅಂದರೆ ಮೂಲ ಕಾರಣದ ವರದಿ ಬರೆಯಬೇಕಾಗುತ್ತದೆ. ಉದ್ದ ಬರೆಯಬೇಡಿ. ಮೂಲ ಕಾರಣ: ಮಾನವ ದೋಷ. ಮಾನವನ ಹೆಸರು ಬೇಡ, ಹುದ್ದೆಯ ಮಟ್ಟ ಸಾಕು, ಮಟ್ಟ ಕೆಳಗಿನದ್ದಾಗಿರಲಿ. ಮಾನಿಟರಿಂಗ್ ಕೆಲಸ ಮಾಡಿತ್ತೇ: ಹೌದು, ಪುರಾವೆ ಲಗತ್ತಿಸಿದೆ. ಮುಂದೆ ಹೀಗಾಗದಂತೆ ಕ್ರಮ: ಸದರಿ ಸರ್ವರ್ ಮೇಲೆ ಇನ್ನೊಂದು ಏಜೆಂಟ್ ಹಾಕಲಾಗುವುದು.

ಈ ಬರಹದಲ್ಲಿ ದೋಷ ಕಂಡವರು ಸಂಕೋಚಪಡದೆ ನನಗೆ ಮೇಲ್ ಮಾಡಬೇಕಾಗಿ ವಿನಂತಿ. ಅವೆಲ್ಲ ಒಂದೇ ಫೋಲ್ಡರ್‌ಗೆ ಹೋಗಿ ಸೇರುವಂತೆ ರೂಲ್ ಬರೆದಾಗಿದೆ.